ಕೂದಲು ಉದುರದ ಕಾಯಿಲೆ

ಒಬ್ಬ ಬೋಳುತಲೆಯ ಹೆಂಗಸಿನ ಮೇಲೆ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಒಂದೆರಡು ದಿನವಲ್ಲ, ಹತ್ತಿರ ಹತ್ತಿರ ನಾಲ್ಕು ತಿಂಗಳು. ಇದನ್ನು ಹೇಳಿದರೆ ಅರ್ಧ ಜನ ನಂಬುವುದಿಲ್ಲ, ನಂಬಿದ ಅರ್ಧ ಜನ ನನ್ನನ್ನು ಒಳ್ಳೆಯವಳೆಂದು ತಿಳಿಯುವುದಿಲ್ಲ. ಒಳ್ಳೆಯವಳೆನ್ನಿಸಿಕೊಂಡು ನನಗೆ ಸಾಕಾಗಿದೆ. ಅದರಿಂದ ಆದ ಪಜೀತಿಯನ್ನೇ ಬರೆಯಲು ಕೂತಿದ್ದೇನೆ.

ಅವಳು ನನಗಿಂತ ಹದಿನೈದು ವರ್ಷ ಚಿಕ್ಕವಳು. ನಮ್ಮ ಹಾಗೆಯೇ ಉಡುಪಿ ಕಡೆಯವಳು, ಗಂಡ ಬ್ಯಾಂಕಿನಲ್ಲಿ, ವರ್ಗವಾಗಿ ಕೋಲ್ಕತ್ತಕ್ಕೆ ಬಂದು ಎರಡು ವರ್ಷ. ಟಾಲಿಗಂಜಿನಲ್ಲಿ ಮನೆ, ಯುಕೆಜಿಗೆ ಹೋಗುವ ಮಗಳು. ನಾನು ಮತ್ತು ನನ್ನ ಗಂಡ ಬಾಲಿಗಂಜಿಗೆ ಬಂದು ಆಗಲೇ ಏಳು ವರ್ಷವಾಗಿತ್ತು. ಕರಾವಳಿಯ ಹತ್ತು ಹನ್ನೆರಡು ಬ್ಯಾಂಕ್ ಕುಟುಂಬಗಳು ಸೇರಿ ತಿಂಗಳಿಗೆ ಎರಡು ಶನಿವಾರ ಒಬ್ಬೊಬ್ಬರ ಮನೆಯಲ್ಲಿ ಭಜನೆ ಮಾಡುವುದು ನಮ್ಮ ಪದ್ಧತಿ. ಭಜನೆ ಒಂದು ಗಂಟೆ, ಊಟ ಎರಡು ಗಂಟೆ, ಮಾತಿಗೆ ಲೆಕ್ಕವಿಲ್ಲ. ಆ ಗುಂಪಿನಲ್ಲಿ ಒಬ್ಬರಿಗೆ ಸೀನು ಬಂದರೆ ಹನ್ನೆರಡು ಮನೆಯಲ್ಲಿ ಕಷಾಯ ಕುದಿಯುತ್ತದೆ. ಅವಳ ಎದೆಯಲ್ಲಿ ಗಂಟು ಸಿಕ್ಕಿದ ಸುದ್ದಿ ಎರಡೇ ದಿನದಲ್ಲಿ ಎಲ್ಲರ ಮನೆ ತಲುಪಿತ್ತು.

ನನ್ನ ಸುದ್ದಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಹಳೆಯದು. ಹನ್ನೊಂದು ವರ್ಷದ ಹಿಂದೆ ಮಂಗಳೂರಿನಲ್ಲಿದ್ದಾಗ ನನಗೂ ಅದೇ ಗಂಟು, ಅದೇ ಆಪರೇಷನ್, ನರಕ್ಕೆ ಇಳಿಸುವ ಅದೇ ಕೆಂಪು ಔಷಧಿ. ಆಗ ನನ್ನ ತಲೆಯೂ ಬೋಳಾಗಿತ್ತು. ನೆಂಟರು, ನೆರೆಯವರು, ನೆರೆಯವರ ನೆಂಟರು ಎಲ್ಲ ಬಂದು ಕೂತು ನನ್ನ ತಲೆ ನೋಡಿ ಲೊಚಗುಟ್ಟಿ ಹೋಗುತ್ತಿದ್ದರು. ಕಾಯಿಲೆಗಿಂತ ನೋಡಲು ಬಂದವರೇ ನನ್ನನ್ನು ಹೆಚ್ಚು ಸುಸ್ತು ಮಾಡಿದರು. ಕೊನೆಕೊನೆಗೆ ನಾನು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದೆ. ಆಮೇಲೆ ಗುಣವಾಯಿತು, ಕೂದಲು ಬಂತು, ಹತ್ತು ವರ್ಷ ಏನೂ ಆಗಲಿಲ್ಲ.

ಕಳೆದ ವರ್ಷ ಅದು ತಿರುಗಿ ಬಂತು. ಬೆನ್ನು ನೋವೆಂದು ಹೋದರೆ ಬೆನ್ನುಮೂಳೆಯಲ್ಲಿತ್ತು, ಲಿವರಿನಲ್ಲಿತ್ತು. ಕೆಲವು ತಿಂಗಳು ಮಾತ್ರೆಗಳಿಗೆ ಬಗ್ಗಿದಂತೆ ಮಾಡಿ ಮತ್ತೆ ತಲೆ ಎತ್ತಿತು. ಗಂಡನಿಗೆ ನಾನೇ ಹೇಳಿದೆ, ಈ ಸಲ ಯಾರಿಗೂ ಬೇಡ, ನನಗೆ ಜನ ಬಂದು ಕೂರುವುದು ಬೇಡ. ಅವರು ಹೂಂ ಎಂದರು. ಬ್ಯಾಂಕಿನವರು, ಗುಟ್ಟು ಇಟ್ಟುಕೊಳ್ಳುವುದು ಅವರಿಗೆ ಹೊಸತಲ್ಲ.

ಡಾಕ್ಟರು ಮಧ್ಯವಯಸ್ಸಿನ ಬಂಗಾಳಿ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ಕೆಂಪು ಔಷಧಿಗೆ ಒಂದು ಜನ್ಮಕ್ಕೆ ಇಷ್ಟೇ ಎಂಬ ಮಿತಿ ಇರುತ್ತದಂತೆ. ನನ್ನ ಪಾಲಿನ ಬಹುಭಾಗ ಮಂಗಳೂರಿನಲ್ಲೇ ಮುಗಿದಿತ್ತು, ಅಲ್ಲದೆ ಅದು ಹೃದಯವನ್ನೂ ಸ್ವಲ್ಪ ತಿಂದುಹಾಕಿತ್ತು. ಎಕೋ ತೆಗೆಸಿದಾಗ ಪಂಪು ಬಲಹೀನವಾಗಿದೆ ಎಂದು ಬಂತು. ಇನ್ನೊಂದು ಹೆಸರುವಾಸಿ ಔಷಧಿಯೂ ನನಗೆ ಆಗದು. ಮಂಗಳೂರಿನಲ್ಲಿ ಅದನ್ನು ಕೊಟ್ಟ ಕಾಲದಿಂದ ಸತ್ತಂತಾದ ಬೆರಳ ತುದಿಗಳು ಈಗಲೂ ಸೂಜಿಗೆ ದಾರ ಪೋಣಿಸಲಾರವು. ಎಲ್ಲರಿಗೂ ಕೊಡುವ ಎರಡು ಔಷಧಿಯೂ ನಿಮಗಿಲ್ಲ, ಬೇರೆ ಎರಡನ್ನು ಸೇರಿಸಿ ಕೊಡೋಣ ಎಂದರು. ನರ್ಸುಗಳ ಬಾಯಲ್ಲಿ ಅದರ ಹೆಸರು ಜೆಮ್-ಕಾರ್ಬೋ. ಎರಡು ಮಂಗಳವಾರ ಡ್ರಿಪ್, ಮೂರನೆಯ ಮಂಗಳವಾರ ರಜೆ, ಅಲ್ಲಿಗೆ ಒಂದು ಸೈಕಲ್. ಪ್ರತಿ ಸಲವೂ ಮೊದಲು ರಕ್ತ ಪರೀಕ್ಷೆ, ರಕ್ತಕಣಗಳ ಕೌಂಟ್ ಸರಿಯಿದ್ದರೆ ಮಾತ್ರ ಔಷಧಿ.

"ಒಟ್ಟು ಎಷ್ಟು?" ಎಂದು ಕೇಳಿದೆ.

"ಕೆಲಸ ಮಾಡುವ ತನಕ" ಎಂದರು. "ಕೂದಲು ಮಾತ್ರ ಪೂರ್ತಿ ಹೋಗಲಿಕ್ಕಿಲ್ಲ, ಅದೊಂದು ಸಮಾಧಾನ."

ನನಗೂ ಆಗ ಅದು ಸಮಾಧಾನವೆಂದೇ ಕಂಡಿತು. ಗುಟ್ಟು ಉಳಿಯುತ್ತದಲ್ಲ.

ಮೊದಲ ಡ್ರಿಪ್ ಮುಗಿಸಿ ಮನೆಗೆ ಬಂದ ಮಧ್ಯಾಹ್ನವೇ ದೊಡ್ಡಕ್ಕ ಅವಳನ್ನು ಕರೆದುಕೊಂಡು ಬಂದರು. ದೊಡ್ಡಕ್ಕ ಎಂದರೆ ನಮ್ಮ ಗುಂಪಿನ ಹಿರಿಯರು, ಎಪ್ಪತ್ತು ದಾಟಿದವರು, ಎಲ್ಲರಿಗೂ ದೊಡ್ಡಕ್ಕನೇ. ನನ್ನ ಕೈಯ ಮೇಲೆ ಸೂಜಿ ತೆಗೆದ ಜಾಗದಲ್ಲಿ ಹತ್ತಿ ಇನ್ನೂ ಅಂಟಿಕೊಂಡಿತ್ತು. ಸೆರಗು ಎಳೆದು ಮುಚ್ಚಿಕೊಂಡೆ.

"ಇವಳನ್ನು ನೋಡು ಮಾರಾಯ್ತಿ" ಎಂದು ದೊಡ್ಡಕ್ಕ ನನ್ನನ್ನು ತೋರಿಸಿದರು. "ಇವಳಿಗೂ ನಿನ್ನ ಹಾಗೇ ಆದದ್ದು. ಹತ್ತು ವರ್ಷ ದಾಟಿತು. ಈಗ ಹೇಗಿದ್ದಾಳೆ ನೋಡು, ಗುಂಡುಕಲ್ಲಿನ ಹಾಗೆ."

ಅವಳು ಅತ್ತು ಅತ್ತು ಬಾತ ಮುಖ ಎತ್ತಿ ನನ್ನನ್ನು ನೋಡಿದಳು. "ಅಕ್ಕ, ನಿಮಗೆ ಮತ್ತೆ ಬರ್ಲೇ ಇಲ್ವಾ?"

"ಇಲ್ಲ" ಎಂದೆ.

ಬೇರೆ ಏನು ಹೇಳಲಿ? ಅವಳದ್ದು ಬೇಗ ಗೊತ್ತಾದದ್ದು, ಎಲ್ಲಿಗೂ ಹಬ್ಬಿಲ್ಲ, ಆಪರೇಷನ್ ಆಗಿದೆ, ಆರು ಸೈಕಲ್ ಕೆಂಪು ಔಷಧಿ ಕೊಟ್ಟರೆ ಮುಗಿಯಿತು. ಗುಣವಾಗಬೇಕಾದವಳ ಎದುರು ನನ್ನ ಲಿವರ್ ತೆಗೆದು ಇಡುವುದು ಸರಿಯಲ್ಲ ಅನ್ನಿಸಿತು. ಅಷ್ಟರ ಮಟ್ಟಿಗೆ ನಾನು ಆ ದಿನ ಒಳ್ಳೆಯವಳೇ ಆಗಿದ್ದೆ. ಆದರೆ ಅವರು ಹೊರಟು ಮೆಟ್ಟಿಲಿಳಿಯುವಾಗ ಅವಳು ದೊಡ್ಡಕ್ಕನಿಗೆ "ಆರೇ ಅಲ್ವಾ" ಎಂದದ್ದು ಕೇಳಿಸಿತು. ಆರೇ. ನನ್ನದಕ್ಕೆ ಲೆಕ್ಕವೇ ಇಲ್ಲ. ಕಿಚ್ಚು ಹತ್ತಿದ್ದು ಅಲ್ಲಿ.

ಎರಡನೆಯ ಸೈಕಲ್ಲಿಗೆ ಮುಂಚೆ ಅವಳ ಕೂದಲು ಹೋಯಿತು. ಅಲ್ಲಿಂದ ಶುರುವಾಯಿತು ನೋಡಿ ಅವಳ ದರ್ಬಾರು. ಒಬ್ಬರು ಹತ್ತಿಯ ಸ್ಕಾರ್ಫು ಹೊಲಿಸಿಕೊಟ್ಟರು, ಇನ್ನೊಬ್ಬರು ಮಗಳನ್ನು ಶಾಲೆಯಿಂದ ತರುವುದು ತಮ್ಮ ಕೆಲಸವೆಂದರು. ಊಟಕ್ಕೆ ಪಾಳಿ ಹಾಕಲಾಯಿತು. ಗಂಜಿ, ತಿಳಿಸಾರು, ಒಂದು ತಂಬುಳಿ, ದಿನಕ್ಕೊಂದು ಮನೆಯಿಂದ. ನನಗೆ ಬಂದದ್ದು ಬುಧವಾರ. ಮಂಗಳವಾರ ನನಗೆ ಡ್ರಿಪ್, ಬುಧವಾರ ನಾನು ಅವಳಿಗೆ ಸಾರು ಮಾಡಬೇಕು. ಒಗ್ಗರಣೆಯ ಇಂಗಿನ ವಾಸನೆ ತಡೆಯಲಾಗದೆ ಮೂಗಿಗೆ ಸೆರಗು ಕಟ್ಟಿಕೊಂಡು ಒಗ್ಗರಣೆ ಹಾಕುತ್ತಿದ್ದೆ. ಗಂಡ ನಾನು ಕೊಟ್ಟುಬರುತ್ತೇನೆ ಎಂದರೂ ಬಿಡದೆ ಗಡಿಯಾಹಾಟ್‌ನಿಂದ ಆಟೋ, ಆಮೇಲೆ ಮೆಟ್ರೋ ಹಿಡಿದು ಕ್ಯಾರಿಯರು ನಾನೇ ಒಯ್ಯುತ್ತಿದ್ದೆ. ಪ್ರೀತಿಯಿಂದ ಅಲ್ಲ. ನೋಡಬೇಕಿತ್ತು ನನಗೆ. ಅವಳು ಎಷ್ಟು ಬಾಡಿದ್ದಾಳೆ, ಯಾರು ಏನು ತಂದಿದ್ದಾರೆ, ಎಷ್ಟನೆಯದು ಮುಗಿಯಿತು ಎಂದು ನೋಡಬೇಕಿತ್ತು.

ಅವಳು ಮಲಗಿದಲ್ಲಿಂದಲೇ ನನ್ನ ಜಡೆ ನೋಡುತ್ತಿದ್ದಳು. "ನಿಮ್ಮ ಕೂದಲು ನೋಡುವಾಗ ಆಸೆ ಆಗ್ತದೆ ಅಕ್ಕ" ಎನ್ನುತ್ತಿದ್ದಳು. ಆಸೆಯಂತೆ. ನನ್ನ ಬಾಚಣಿಗೆಗೆ ನಾಲ್ಕು ಕೂದಲು ಹೆಚ್ಚು ಬರುತ್ತಿತ್ತು, ಅಷ್ಟೆ. ಬೋಳಾಗಿದ್ದರೆ ಔಷಧಿ ಒಳಗೆ ಏನೋ ಕೆಲಸ ಮಾಡುತ್ತಿದೆ ಎಂದಾದರೂ ಅನ್ನಿಸುತ್ತಿತ್ತು. ನನ್ನ ಜೆಮ್-ಕಾರ್ಬೋ ನೀರಿನ ಹಾಗಿತ್ತು, ಬಣ್ಣವೂ ಇಲ್ಲ. ಅವಳದ್ದು ಕುಂಕುಮದ ನೀರಿನ ಹಾಗೆ ಕೆಂಪು. ಅವಳಿಗೆ ಖಾಸಾ ಔಷಧಿ, ನನಗೆ ಅದು ಆಗದವರಿಗೆ ಕೊಡುವ ಔಷಧಿ ಎಂದು ಮನಸ್ಸು ಹಟ ಹಿಡಿದಿತ್ತು. ಹಾಗಲ್ಲ, ನಿಮಗೆ ಇದೇ ಸರಿಯಾದದ್ದು ಎಂದು ಡಾಕ್ಟರು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಅವಳ ಮೇಲೆ ಇರಲಿ, ಹನ್ನೊಂದು ವರ್ಷದ ಹಿಂದೆ ಬಾಗಿಲು ಹಾಕಿಕೊಂಡು ಮಲಗಿದ್ದ ನನ್ನ ಮೇಲೆಯೇ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬಂದವರನ್ನು ಅಟ್ಟುವಷ್ಟು ಧಾರಾಳ ಇತ್ತಲ್ಲ ಆ ಹೆಂಗಸಿಗೆ.

ಒಂದು ಶನಿವಾರ ಭಜನೆ ಮುಗಿದ ಮೇಲೆ ಹರಕೆಯ ಮಾತು ಬಂತು. ಅವಳಿಗೆ ಗುಣವಾದರೆ ಊರ ದೇವಿಗೆ ಸೀರೆ ಎಂದರು ಒಬ್ಬರು. ಇನ್ನೊಬ್ಬರು ರಂಗಪೂಜೆ ಹೇಳಿಕೊಂಡಿದ್ದರು. ದೊಡ್ಡಕ್ಕ ಬೆಲ್ಲದ ತುಲಾಭಾರ ಮಾಡಿಸುವವರಿದ್ದರು. ಮಾತು ಸರದಿಯಂತೆ ನನ್ನ ಹತ್ತಿರ ಬಂತು. ನಾನು ಯಾವ ದೇವರಿಗೂ ಏನೂ ಹೇಳಿಕೊಂಡಿರಲಿಲ್ಲ, ನನ್ನದೇ ಅಷ್ಟಿರುವಾಗ ಅವಳದ್ದನ್ನು ಎಲ್ಲಿ ಹೇಳಲಿ?

"ನಾನೂ ಒಂದು ಹೊತ್ತಿದ್ದೇನೆ" ಎಂದೆ. "ಎಂತ ಅಂತ ಹೇಳ್ಬಾರ್ದು."

ಎಲ್ಲರೂ ಮೆಚ್ಚಿ ತಲೆಯಾಡಿಸಿದರು.

ಮೂರು ಸೈಕಲ್ ಆದ ಮೇಲೆ ನನಗೆ ಸ್ಕ್ಯಾನ್ ಆಯಿತು. ಕೌಂಟ್ ಇಳಿದು ನಾಲ್ಕೈದು ಸಲ ವಾಪಸ್ ಕಳಿಸಿದ್ದರಿಂದ ನನ್ನದು ಮೂರಾಗುವಾಗ ಅವಳದ್ದು ಐದಾಗಿತ್ತು. ಲಿವರಿನಲ್ಲಿರುವುದು ಹೋಗಿಲ್ಲ, ಬೆಳೆದೂ ಇಲ್ಲ ಎಂದರು ಡಾಕ್ಟರು. ಇದು ಒಳ್ಳೆಯ ಸುದ್ದಿ, ಹೀಗೇ ಮುಂದುವರಿಸೋಣ ಎಂದರು. ಒಳ್ಳೆಯ ಸುದ್ದಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಕೂತು ಫೋನ್ ತೆಗೆದೆ. ಭಜನೆಯವರ ವಾಟ್ಸಾಪ್ ಗುಂಪಿನಲ್ಲಿ ಕಳೆದ ವಾರ ಅವಳ ಐದನೆಯದು ಮುಗಿದದ್ದಕ್ಕೆ ಇನ್ನೂ ಹೂವು, ದೀಪ, ಕೈಮುಗಿದ ಚಿತ್ರಗಳ ಸಾಲು. ಕೆಳಗೆ ಯಾರೋ ನನಗೊಂದು ಪ್ರಶ್ನೆ ಹಾಕಿದ್ದರು: ನಿಮ್ಮ ಕೂದಲು ಈ ವಯಸ್ಸಿನಲ್ಲೂ ಎಷ್ಟು ಚೆಂದ, ಯಾವ ಎಣ್ಣೆ ಹಾಕುತ್ತೀರಿ?

ನಾನು ಮನೆಗೆ ಹೋಗಲಿಲ್ಲ. ನಮ್ಮ ಓಣಿಯ ಬಾಯಲ್ಲಿರುವ ಬ್ಯೂಟಿ ಪಾರ್ಲರಿಗೆ ಹೋದೆ. ನನ್ನ ಹುಬ್ಬು ತೆಗೆಯುವ ಹುಡುಗಿ ಅಲ್ಲಿದ್ದಳು. ಎಲ್ಲ ತೆಗೆದುಬಿಡು ಎಂದೆ.

ಅವಳು ಗಾಬರಿಯಾದಳು. ಬಂಗಾಳದಲ್ಲಿ ಹೆಂಗಸರು ತಲೆ ಬೋಳಿಸಿಕೊಳ್ಳುವುದಿಲ್ಲ, ಅದರಲ್ಲೂ ಗಂಡ ಇರುವವರು. "ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಬೌದಿ?" ಎಂದು ಕೇಳಿದಳು. ಅಲ್ಲಿ ಪರಿಚಯದ ಹೆಂಗಸರೆಲ್ಲ ಬೌದಿ, ಅಂದರೆ ಅತ್ತಿಗೆ. ಇಲ್ಲವೆಂದೆ. "ಹಾಗಿದ್ದರೆ ನಾನು ಮಾಡುವುದಿಲ್ಲ. ನಿಮ್ಮ ಗಂಡನಿಗೆ ಕೆಟ್ಟದಾಗುತ್ತದೆ" ಎಂದು ಕತ್ತರಿ ಕೆಳಗಿಟ್ಟಳು.

"ಕೆಮೋ" ಎಂದೆ.

ಅಷ್ಟೇ ಸಾಕಾಯಿತು. ಅವಳ ಮುಖವೇ ಬದಲಾಯಿತು. ಬಾಗಿಲು ಮುಂದೆ ಮಾಡಿ, ನನ್ನನ್ನು ಕೂರಿಸಿ, ಕೊರಳಿಗೆ ಬಟ್ಟೆ ಸುತ್ತಿದಳು. ಜಡೆ ಕತ್ತರಿಸುವ ಮೊದಲು ಒಂದು ಕ್ಷಣ ಎರಡು ಕೈಯಲ್ಲೂ ನನ್ನ ತಲೆ ಹಿಡಿದುಕೊಂಡಳು. "ಏನೂ ಆಗುವುದಿಲ್ಲ ಬೌದಿ, ನನ್ನ ಪಿಶಿಗೂ ಆಗಿತ್ತು" ಎಂದಳು. ಪಿಶಿ ಎಂದರೆ ಸೋದರತ್ತೆ. ನಾನು ಅಳಲು ಶುರುಮಾಡಿದೆ. ಆ ವರ್ಷ ಗಂಡನನ್ನು ಬಿಟ್ಟು ಬೇರೆ ಯಾರೂ ನನಗೆ ಏನೂ ಆಗುವುದಿಲ್ಲ ಎಂದು ಹೇಳಿರಲಿಲ್ಲ. ಹೇಳುವಂತೆ ನಾನು ಬಿಟ್ಟಿದ್ದರಲ್ಲವೇ? ಮಷಿನ್ ತಲೆಯ ಮೇಲೆ ಓಡುತ್ತಿದ್ದಷ್ಟು ಹೊತ್ತು ಹಾಯಾಗಿ ಅತ್ತೆ.

ಗಂಡ ಬಾಗಿಲು ತೆಗೆದು ನೋಡಿದರು. "ಉದುರ್ಲಿಕ್ಕೆ ಶುರು ಆಯ್ತಾ?"

"ಇಲ್ಲ. ನಾನೇ ತೆಗೆಸಿದೆ."

"ಯಾಕೆ?"

"ಕಾಣ್ಲಿ ಅಂತ."

ಅವರು ಊಟಕ್ಕೆ ಕೂತಾಗ ಎದ್ದು ಹೋಗಿ ಫ್ಯಾನ್ ಸಣ್ಣದು ಮಾಡಿ ಬಂದರು, ತಲೆಗೆ ಗಾಳಿ ಹೊಡೆಯುತ್ತದೆಂದು.

ಮರುದಿನ ಶನಿವಾರ. ಆಟೋದಲ್ಲಿ ಹೋಗುವಾಗ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿದ್ದೆ. ನನಗೆ ಮತ್ತೆ ಬಂದಿದೆ, ಲಿವರಿನಲ್ಲಿದೆ, ಕೆಂಪು ಔಷಧಿ ನನಗೆ ಆಗುವುದಿಲ್ಲ. ಎಷ್ಟು ಸಣ್ಣ ಮಾತು. ಅವಳೂ ಬರುವವಳಿದ್ದಳು, ಅವಳ ಎದುರಿಗೇ ಹೇಳಬೇಕು ಎಂದುಕೊಂಡಿದ್ದೆ. ಈ ಸಲ ಸ್ಕಾರ್ಫು ನನಗೆ ಹೊಲಿಸಲಿ, ಬುಧವಾರ ನನ್ನ ಮನೆಗೆ ಕ್ಯಾರಿಯರು ಬರಲಿ.

ಒಳಗೆ ಹೋಗಿ ಸೆರಗು ಸರಿಸಿದೆ. ತಾಳ ಹಿಡಿದವರು ತಾಳ ನಿಲ್ಲಿಸಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಎದ್ದು ಬಂದು ನನ್ನ ನುಣ್ಣನೆಯ ತಲೆಯ ಮೇಲೆ ಕೈಯಿಟ್ಟರು.

"ಮುಡಿ ಕೊಟ್ಯಾ?" ಎಂದರು. "ಹೇಳ್ಬಾರ್ದು ಅಂದ ಹರಕೆ ಇದಾ?" ಆಮೇಲೆ ಅವಳ ಕಡೆ ತಿರುಗಿ, "ನೋಡಿದ್ಯಾ ಮಗಾ, ನಿನಗೋಸ್ಕರ. ಒಡಹುಟ್ಟಿದವರೂ ಮಾಡ್ಲಿಕ್ಕಿಲ್ಲ."

ಯಾವ ದೇವಸ್ಥಾನದಲ್ಲಿ ಎಂದು ಯಾರೋ ಕೇಳಿದರು. ಇಲ್ಲೇ ತೆಗೆದು ಕಟ್ಟಿಟ್ಟು ಊರಿಗೆ ಹೋದಾಗ ಒಪ್ಪಿಸುವುದು ಎಂದು ಇನ್ನೊಬ್ಬರು ನನ್ನ ಪರವಾಗಿ ಉತ್ತರಿಸಿದರು. ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಹೆಂಗಸರೆಲ್ಲ ಹೋಗಿ ಅವಳನ್ನು ಅಪ್ಪಿಕೊಂಡರು. ಹೌದು, ಅವಳನ್ನು. ಇಷ್ಟು ಪ್ರೀತಿಸುವವರು ಇರುವಾಗ ನಿನಗೇನೂ ಆಗುವುದಿಲ್ಲ ಎಂದರು. ನನ್ನ ಬೋಳುತಲೆಯೂ ಅವಳ ಖಾತೆಗೇ ಹೋಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡು, ಕೊಟ್ಟ ಪ್ರಸಾದ ತಿಂದು ಮನೆಗೆ ಬಂದೆ.

ಸೋಮವಾರ ಅವಳು ಒಬ್ಬಳೇ ನಮ್ಮ ಮನೆಗೆ ಬಂದಳು. ತಟ್ಟೆಯಲ್ಲಿ ತೆಂಗಿನಕಾಯಿ, ರವಿಕೆ ಕಣ, ಅರಸಿನ ಕುಂಕುಮ. ಹೂವು ತಂದಿರಲಿಲ್ಲ, ಮುಡಿಯುವುದಕ್ಕೆ ಇಬ್ಬರಿಗೂ ತಲೆಯಲ್ಲಿ ಏನೂ ಇರಲಿಲ್ಲ. ಬೇಡವೆಂದರೂ ಬಗ್ಗಿ ಕಾಲು ಮುಟ್ಟಿದಳು.

"ಇನ್ನು ಒಂದೇ ಉಂಟು ಅಕ್ಕ" ಎಂದಳು. "ಅದಾದ್ರೆ ಮುಗೀತು. ಆಮೇಲೆ ನಾನೂ ನಿಮ್ಮ ಹಾಗೇ."

ಎಷ್ಟು ನೆಮ್ಮದಿಯಿತ್ತು ಆ ಮುಖದಲ್ಲಿ. ಸತ್ಯ ಹೇಳಬೇಕೆಂದು ನಾನು ಹೇಳಿದ್ದಲ್ಲ. ಆ ನೆಮ್ಮದಿಯನ್ನು ನೋಡಲಾಗದೆ, ಅದನ್ನು ಕಿತ್ತುಹಾಕಬೇಕೆಂದೇ ಹೇಳಿದೆ.

"ನನ್ನ ಹಾಗೆ ಆಗ್ಬೇಡ" ಎಂದೆ. "ನಂಗೆ ಮತ್ತೆ ಬಂದಿದೆ. ಲಿವರಿಗೆ ಹೋಗಿದೆ. ಇದು ಹರಕೆಯ ತಲೆ ಅಲ್ಲ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಬೋಳಿಸಿಕೊಂಡದ್ದು."

ಅವಳು ಕುರ್ಚಿ ಹುಡುಕಿಕೊಂಡು ಕೂತಳು. ತಟ್ಟೆ ತೊಡೆಯ ಮೇಲೆಯೇ ಇತ್ತು.

"ಯಾವಾಗ ಬಂದದ್ದು?"

"ಕಳೆದ ವರ್ಷ."

"ನಾನು ಮೊದಲ ದಿವಸ ಬಂದು ಕೇಳಿದೆನಲ್ಲ?"

"ಅವತ್ತು ಬೆಳಿಗ್ಗೆಯೇ ಡ್ರಿಪ್ ಹಾಕಿಸಿಕೊಂಡು ಬಂದಿದ್ದೆ."

"ಹಾಗಾದ್ರೆ ಬುಧವಾರದ ಸಾರು?"

"ಅದೂ ಹಾಗೆಯೇ. ಮಂಗಳವಾರ ಡ್ರಿಪ್, ಮರುದಿನ ಸಾರು."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕಿದಳು.

"ಮಗಳಿಗೀಗ ಐದು" ಎಂದಳು. "ಹತ್ತು ವರ್ಷ ಅಂದ್ರೆ ಹದಿನೈದು. ಅಷ್ಟೊತ್ತಿಗೆ ಅವಳು ದೊಡ್ಡವಳಾಗಿರ್ತಾಳೆ. ತಲೆಗೆ ನೀರು ಹಾಕ್ಲಿಕ್ಕೆ, ಸೀರೆ ಉಡಿಸ್ಲಿಕ್ಕೆ ನಾನಿರ್ತೇನೆ. ಮತ್ತೆ ಅವಳಿಗೆ ಅವಳೇ ಮಾಡ್ಕೊಳ್ಳಿಕ್ಕೆ ಬರ್ತದೆ." ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ನಾಲ್ಕು ತಿಂಗಳು ನಾನು ಅವಳನ್ನು ನೋಡಿದ್ದು ಹಾಗೆಯೇ. "ನಿಮಗೆ ಆ ಹತ್ತು ವರ್ಷ ಸಿಕ್ಕಿ ಆಯ್ತಲ್ಲ ಅಕ್ಕ. ಅದನ್ನು ಯಾರೂ ವಾಪಸ್ ತಕ್ಕೊಳ್ಳಿಕ್ಕೆ ಆಗುದಿಲ್ಲ. ನಂದು ಇನ್ನು ಬರ್ಬೇಕಷ್ಟೆ. ಬರ್ತದೋ ಇಲ್ವೋ. ಹೊಟ್ಟೆಕಿಚ್ಚು ನಾನು ಪಡ್ಬೇಕಾದ್ದು."

ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ಕುಂಕುಮ ಹಚ್ಚದೆ, ಚಹಾ ಕುಡಿಯದೆ ಹೊರಟುಹೋದಳು.

ಅವಳು ಹೋದ ಮೇಲೆ ನಾನು ಆ ಹತ್ತು ವರ್ಷಗಳಲ್ಲಿ ಏನು ಮಾಡಿದೆ ಎಂದು ಯೋಚಿಸುತ್ತಾ ಕೂತೆ. ನೆನಪಾದದ್ದೆಲ್ಲ ಸಾಧಾರಣ. ಪಾತ್ರೆ ಕಟ್ಟಿದೆ, ವರ್ಗವಾದಲ್ಲಿಗೆ ಹೋದೆ, ಪಾತ್ರೆ ಬಿಚ್ಚಿದೆ. ಗಂಡನ ಜೊತೆ ಟಿವಿಯ ಮುಂದೆ ಜಗಳವಾಡಿದೆ. ಬಜಾರಿನಲ್ಲಿ ಬದನೆ ಹಿಚುಕಿ ನೋಡಿ ಬೈಸಿಕೊಂಡೆ. ಮಧ್ಯಾಹ್ನ ಎಷ್ಟೊಂದು ಮಲಗಿದೆ. ಇದರ ಮೇಲೆ ಒಬ್ಬರಿಗೆ ಹೊಟ್ಟೆಕಿಚ್ಚಾಗಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ಕಣ್ಣೆಲ್ಲ ಅವಳ ತಟ್ಟೆಯ ಮೇಲಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಗುಂಪಿನಲ್ಲಿ ನನ್ನ ಹರಕೆಯ ಹೊಗಳಿಕೆ ಇಡೀ ವಾರ ನಡೆಯಿತು, ಅವಳು ಅದರಲ್ಲಿ ಒಂದಕ್ಷರವೂ ಹಾಕಲಿಲ್ಲ. ನಾನು ಬುಧವಾರ ಸಾರು ಮಾಡಿ ಗಂಡನ ಕೈಯಲ್ಲಿ ಕಳಿಸಿದೆ. ಕ್ಯಾರಿಯರು ತೊಳೆದು ವಾಪಸ್ ಬಂತು, ಮಾತು ಬರಲಿಲ್ಲ. ಅವಳ ನೆಮ್ಮದಿ ಕಿತ್ತದ್ದಕ್ಕೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ನಾಚಿಕೆಯಾಯಿತು. ಅವಳ ಆರನೆಯದು ಇನ್ನೂ ಬಾಕಿ ಇದೆ, ಈಗ ಅದನ್ನು ಯಾವ ಧೈರ್ಯದಲ್ಲಿ ತೆಗೆದುಕೊಳ್ಳುತ್ತಾಳೆ ಎಂದು ಹೆದರಿಕೆಯೂ ಆಯಿತು.

ಮುಂದಿನ ಮಂಗಳವಾರ ನನ್ನ ನಾಲ್ಕನೆಯ ಸೈಕಲ್ಲಿನ ಎರಡನೆಯ ಡ್ರಿಪ್. ರಕ್ತ ಕೊಟ್ಟು ಡೇಕೇರಿನ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದೆ. ಗಂಡ ಕ್ಯಾಂಟೀನಿಗೆ ಹೋಗಿದ್ದರು. ಫೋನ್ ಸದ್ದು ಮಾಡಿತು. ಎಂಟು ದಿನದ ಮೇಲೆ ಅವಳ ಮೊದಲ ಮೆಸೇಜು, ಬರೀ ಎರಡು ಶಬ್ದ.

"ಕೌಂಟ್ ಬಂತಾ?"

ಹೇಗಿದ್ದೀರಿ ಎಂದು ಎಲ್ಲರೂ ಕೇಳುತ್ತಾರೆ. ಇದನ್ನು ಕೇಳುವುದು ಆ ಬೆಂಚಿನಲ್ಲಿ ಕೂತು ಗೊತ್ತಿರುವವರು ಮಾತ್ರ. ನಾನು ಎರಡು ಮೂರು ಸಲ ಓದಿದೆ. ಅಷ್ಟರಲ್ಲಿ ನರ್ಸು ಚೀಟಿ ತಂದುಕೊಟ್ಟಳು. ಪ್ಲೇಟ್‌ಲೆಟ್ ಇಳಿದಿತ್ತು, ಇವತ್ತು ಕೊಡುವುದಿಲ್ಲ, ಮುಂದಿನ ವಾರ ನೋಡೋಣ ಎಂದಳು.

ಕಡಿಮೆ ಬಂದಿದೆ, ವಾಪಸ್ ಕಳಿಸಿದರು, ನಿನ್ನದು ಎಂದು ಬರೆದೆ.

ಅವಳದ್ದು ಚೆನ್ನಾಗಿ ಬಂದಿತ್ತು. ನಾಳೆ ಬೆಳಿಗ್ಗೆ ಕೊನೆಯದು ಎಂದು ಬರೆದಳು. ಕೂಡಲೇ ಇನ್ನೊಂದು ಬಂತು: ಹೆದರಿಕೆ ಆಗ್ತಾ ಉಂಟು ಅಕ್ಕ.

ನನಗೆ ಮತ್ತೆ ಹೊಟ್ಟೆ ಉರಿಯಿತು. ಈ ಸಲ ಹಾಗೆಂದು ಅವಳಿಗೇ ಬರೆದೆ, ಬೆಳಿಗ್ಗೆ ಎಷ್ಟು ಗಂಟೆಗೆ ಬರಲಿ ಎಂದೂ ಕೇಳಿದೆ.